ನಾಲ್ಕು ವರ್ಷದ ಮಗನ ಮಲದಲ್ಲಿ ರಕ್ತ, ಮೂಲವ್ಯಾಧಿನಾ?

ಪ್ರಶ್ನೆ: ಮೇಡಂ, ಮಗನಿಗೆ 4 ವರ್ಷ. ಎರಡು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಮಲದ ಮೇಲೆ ಕೆಂಪು ರಕ್ತ ಕಾಣುತ್ತಿದೆ. ನೋವಿಲ್ಲ ಅಂತಾನೆ. ಮಲ ಗಟ್ಟಿಯೂ ಇಲ್ಲ. ಮನೆಯಲ್ಲಿ ಎಲ್ಲರೂ ಉಷ್ಣ, ಮೂಲವ್ಯಾಧಿ ಅಂತಿದ್ದಾರೆ. ಮುಲಾಮು ಹಚ್ಚಿದರೂ ಕಡಿಮೆ ಆಗಿಲ್ಲ.

ಉತ್ತರ (ಮಕ್ಕಳ ವೈದ್ಯೆ): ಮುಲಾಮು ನಿಲ್ಲಿಸಿ. ಈ ವಯಸ್ಸಿಗೆ ಮೂಲವ್ಯಾಧಿ ಬರುವುದು ತುಂಬಾ ಅಪರೂಪ. ಬೀಟ್ರೂಟ್ ಪಲ್ಯ ತಿಂದ ದಿನ ಮಾತ್ರ ಕೆಂಪಗೆ ಹೋಗುತ್ತಿಲ್ಲ, ಅಲ್ವಾ? ಮಕ್ಕಳಲ್ಲಿ ಜಾಸ್ತಿ ನೋಡುವುದು ಫಿಶರ್, ಅಂದರೆ ಗುದದ ಬಿರುಕು. ಆದರೆ ಅದರಲ್ಲಿ ಮಲ ಗಟ್ಟಿಯಾಗಿರುತ್ತದೆ, ಮಗು ನೋವಿಗೆ ಹೆದರಿ ತಡೆದುಕೊಳ್ಳುತ್ತದೆ. ನಿಮ್ಮ ಮಗನಿಗೆ ಎರಡೂ ಇಲ್ಲ. ಹಾಗಾಗಿ ನನ್ನ ಮೊದಲ ಅನುಮಾನ ಜುವೆನೈಲ್ ಪಾಲಿಪ್ ಮೇಲೆ. ದೊಡ್ಡ ಕರುಳಿನ ಒಳಗೆ ತೊಟ್ಟಿಗೆ ಜೋತುಬಿದ್ದ ಹಣ್ಣಿನ ಹಾಗೆ ಬೆಳೆಯುವ ಗಂಟು ಅದು. 2ರಿಂದ 10 ವರ್ಷದ ಮಕ್ಕಳಲ್ಲಿ ಕಾಣುತ್ತೇವೆ, ಹೆಚ್ಚಾಗಿ ಒಂದೇ ಇರುತ್ತದೆ. ಕೆಲವೊಮ್ಮೆ ಬೆರಳಿನಲ್ಲಿ ಪರೀಕ್ಷಿಸುವಾಗಲೇ ಕೈಗೆ ಸಿಗುತ್ತದೆ. ಸಿಗದಿದ್ದರೆ ಕೊಲೊನೋಸ್ಕೋಪಿ, ಅಂದರೆ ಗುದದ ಮೂಲಕ ಕ್ಯಾಮೆರಾ ಇರುವ ತೆಳು ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು. ಹಿಮೋಗ್ಲೋಬಿನ್ ಕೂಡ ನೋಡಿಸಿ, ಎರಡು ತಿಂಗಳು ಸ್ವಲ್ಪ ಸ್ವಲ್ಪವೇ ಹೋದರೂ ರಕ್ತ ಕಡಿಮೆಯಾಗಿರಬಹುದು.

ಪ್ರಶ್ನೆ: ಕೊಲೊನೋಸ್ಕೋಪಿ ಅಂದ್ರೆ ಭಯ ಆಗುತ್ತೆ ಮೇಡಂ. ಕ್ಯಾನ್ಸರ್ ಇರಬಹುದಾ?

ಉತ್ತರ: ಇಂಥ ಒಂಟಿ ಪಾಲಿಪ್ ಕ್ಯಾನ್ಸರ್ ಅಲ್ಲ. ಮಗುವನ್ನು ನಿದ್ದೆ ಮಾಡಿಸಿ, ತಂತಿಯ ಕುಣಿಕೆ ಹಾಕಿ ಅದೇ ಹೊತ್ತಿಗೆ ತೆಗೆದುಬಿಡುತ್ತಾರೆ. ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತಾರೆ. ಹಲವು ಪಾಲಿಪ್ ಇದ್ದರೆ ಅಥವಾ ಕುಟುಂಬದಲ್ಲಿ ಯಾರಿಗಾದರೂ ಇದ್ದಿದ್ದರೆ ಮಾತ್ರ ಮುಂದೆಯೂ ಕಣ್ಣಿಡಬೇಕು. ಒಂದು ವಿಷಯ ನೆನಪಿರಲಿ. ನೋವಿಲ್ಲದೆ ಒಮ್ಮೆಲೇ ಜಾಸ್ತಿ ರಕ್ತ ಹೋಗಿ ಮಗು ಬಿಳಿಚಿಕೊಂಡರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಣ್ಣ ಕರುಳಿನಲ್ಲಿ ಹುಟ್ಟಿನಿಂದ ಇರುವ ಮೆಕೆಲ್ ಎಂಬ ಚೀಲದಿಂದ ಹಾಗೆ ಆಗಬಹುದು. ಅದನ್ನು ಹುಡುಕಲು ಬೇರೆಯೇ ಸ್ಕ್ಯಾನ್ ಇದೆ.

ಇನ್ನೊಬ್ಬ ತಾಯಿ: ನನ್ನ ಮಗಳಿಗೆ 8 ತಿಂಗಳು. ಬೆಳಗಿನಿಂದ ಬಿಟ್ಟು ಬಿಟ್ಟು ಕಿರುಚುತ್ತಾಳೆ, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಾಳೆ. ಮಧ್ಯೆ ಸುಮ್ನೆ ಮಂಕಾಗಿ ಮಲಗುತ್ತಾಳೆ. ಎರಡು ಸಲ ವಾಂತಿ. ಈಗ ಡಯಾಪರಿನಲ್ಲಿ ಕೆಂಪು ಲೋಳೆ. ನಾಳೆ ತೋರಿಸಿದರೆ ಸಾಕಾ?

ಉತ್ತರ: ನಾಳೆ ಬೇಡಮ್ಮ, ಈಗಲೇ ಹೊರಡಿ. ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ನುಗ್ಗಿ ಸಿಕ್ಕಿಕೊಂಡಿರಬಹುದು. ಇದಕ್ಕೆ ಇಂಟಸಸೆಪ್ಷನ್ ಅಂತೀವಿ. ಅಲ್ಟ್ರಾಸೌಂಡಿನಲ್ಲಿ ಗೊತ್ತಾಗುತ್ತದೆ. ಬೇಗ ಹೋದರೆ ಗುದದ ಮೂಲಕ ಗಾಳಿ ಅಥವಾ ಸಲೈನ್ ಹಾಯಿಸಿಯೇ ಬಿಡಿಸಲು ಆಗಬಹುದು. ತಡವಾದರೆ ಕರುಳು ಕೊಳೆತು ಆಪರೇಷನ್ ಬೇಕಾಗುತ್ತದೆ. ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ.

ಅದೇ ತಾಯಿ: ಆಟೋ ಬಂತು ಮೇಡಂ. ಹಾಲು ಕೊಡಲಾ?

ಉತ್ತರ: ಹಾಲು, ಗ್ರೈಪ್ ವಾಟರ್ ಏನೂ ಬೇಡ. ಆ ಡಯಾಪರನ್ನು ಕವರಿನಲ್ಲಿ ಹಾಕಿ ಜೊತೆಗೆ ತಗೊಂಡು ಹೋಗಿ, ಡಾಕ್ಟರಿಗೆ ತೋರಿಸಿ.