ಯೋಬನ ಒಂಟೆ ಡಬಲ್, ಮಕ್ಕಳು ಮಾತ್ರ ಅಷ್ಟೇ

ಹಾಜರಿದ್ದವರು ನಾಲ್ವರು. ದೇವರಿಲ್ಲ ಎನ್ನುವ ಮೂರ್ತಿ, ಭಾನುವಾರದ ಆರಾಧನೆ ತಪ್ಪಿಸದ ಸ್ಟ್ಯಾನಿ, ತರ್ಕಶಾಸ್ತ್ರ ಕಲಿಸಿ ನಿವೃತ್ತರಾದ ಸುಮಕ್ಕ, ಮತ್ತು ಯಾವ ಪಕ್ಷಕ್ಕೂ ಸೇರದಿದ್ದರೂ ಎಲ್ಲರ ಮಾತಿಗೂ ಬಾಯಿ ಹಾಕುವ ಗೋಪಿ. ಕೆಣಕಿದ್ದು ಎಂದಿನಂತೆ ಮೂರ್ತಿಯೇ.

ಮೂರ್ತಿ: ಮೂರೇ ಸಾಲು ಕಣೋ ಸ್ಟ್ಯಾನಿ. ದೇವರು ಸರ್ವಶಕ್ತ. ದೇವರು ಪೂರ್ತಿ ಒಳ್ಳೆಯವನು. ಆದರೂ ಲೋಕದಲ್ಲಿ ಕೆಡುಕಿದೆ. ಯಾವುದಾದ್ರೂ ಎರಡು ಇಟ್ಕೊ, ಒಂದು ಬಿಟ್ಬಿಡು.

ಗೋಪಿ: ಎರಡು ತಗೊಂಡ್ರೆ ಮೂರನೇದು ಫ್ರೀ ಇಲ್ವಾ?

ಸುಮಕ್ಕ: ಆ ಮೂರು ಸಾಲನ್ನೇ ಇಟ್ಕೊಂಡು ಜಗ್ಗಾಡಿದ್ರೆ ಏನೂ ಬರಲ್ಲ ಮೂರ್ತಿ. 1955ರಲ್ಲಿ ನಾಸ್ತಿಕ ತತ್ವಜ್ಞಾನಿ ಜೆ. ಎಲ್. ಮ್ಯಾಕಿ ಇದನ್ನೇ ಬರೆದಾಗ ಇನ್ನೆರಡು ಸಾಲು ಸೇರಿಸಬೇಕಾಯ್ತು. ಒಂದು, ಒಳ್ಳೆಯದು ಕೈಲಾದಷ್ಟೂ ಕೆಡುಕನ್ನ ಅಳಿಸುತ್ತೆ. ಇನ್ನೊಂದು, ಸರ್ವಶಕ್ತನಿಗೆ ಮಿತಿಯೇ ಇಲ್ಲ. ಗಲಾಟೆ ಇರೋದೆಲ್ಲ ಈ ಎರಡರಲ್ಲಿ.

ಸ್ಟ್ಯಾನಿ: ಎರಡನೇದಕ್ಕೆ ಕ್ರೈಸ್ತ ತತ್ವಜ್ಞಾನಿ ಪ್ಲಾಂಟಿಂಗ 1974ರಲ್ಲೇ ಕೊಕ್ಕೆ ಹಾಕಿದ. ಮನುಷ್ಯ ತಾನಾಗೇ ಆರಿಸ್ಕೊಬೇಕು, ಆದರೆ ಒಳ್ಳೇದನ್ನೇ ಆರಿಸೋ ಹಾಗೆ ದೇವರು ನೋಡ್ಕೊಬೇಕು ಅಂದ್ರೆ ಹೇಗೆ? ಒಂದು ಕೊಟ್ಟರೆ ಇನ್ನೊಂದು ಕೊಡೋಕಾಗಲ್ಲ. ನಾಲ್ಕು ಮೂಲೆಯ ತ್ರಿಕೋನ ಬರಿ ಅಂದ ಹಾಗೆ.

ಸುಮಕ್ಕ: ಸರಿ. ಆದರೆ ಪ್ಲಾಂಟಿಂಗ ಎಷ್ಟು ಹೇಳಿದ ಅಂತ ನೆನಪಿಟ್ಕೊ. 'ಕಾರಣ ಹೀಗಿರಬಹುದು' ಅಂದ, 'ಹೀಗೇ' ಅನ್ನಲಿಲ್ಲ. ಮೂರು ಸಾಲು ಒಟ್ಟಿಗೆ ನಿಲ್ಲುತ್ತವೆ ಅಂತ ತೋರಿಸೋಕೆ 'ಇರಬಹುದು' ಸಾಕು. ಅದನ್ನೇ ಎತ್ಕೊಂಡು ಸಾವಿನ ಮನೇಲಿ ವಿವರಣೆ ಅಂತ ಕೊಡೋಕೆ ಹೋದಾಗ ಎಡವಟ್ಟು.

ಮೂರ್ತಿ: ಕೊಲೆಗಾರನಿಗೆ ಇಚ್ಛೆ ಇದೆ, ಒಪ್ಪಿದೆ. ಭೂಮಿಗೆ ಯಾವ ಇಚ್ಛೆ? 1755ರ ನವೆಂಬರ್ 1, ಲಿಸ್ಬನ್. ಸಕಲ ಸಂತರ ಹಬ್ಬದ ದಿನ. ಬೆಳಗಿನ ಪೂಜೆಗೆ ಚರ್ಚುಗಳು ತುಂಬಿವೆ, ಪೀಠದ ತುಂಬ ಮೇಣದಬತ್ತಿ. ಭೂಮಿ ನಡುಗಿ ಛಾವಣಿ ಬಿತ್ತು. ಬಯಲಿಗೆ ಅಂತ ನದಿ ದಡಕ್ಕೆ ಓಡಿದವರ ಮೇಲೆ ಸುನಾಮಿ ಬಂತು. ಹಬ್ಬಕ್ಕೆ ಹಚ್ಚಿದ ಬತ್ತಿ, ಒಲೆಯ ಬೆಂಕಿ ಸೇರಿ ಊರು ದಿನಗಟ್ಟಲೆ ಉರೀತು. ಮನೇಲಿ ಸೋಮಾರಿಯಾಗಿ ಮಲಗಿದವನಿಗಿಂತ ಪೂಜೆಗೆ ಹೋದವನಿಗೇ ಅಪಾಯ ಜಾಸ್ತಿ!

ಗೋಪಿ: ಇದಕ್ಕೂ ಪ್ಲಾಂಟಿಂಗನ ಹತ್ರ ಉತ್ತರ ಇದೆಯಾ?

ಸುಮಕ್ಕ: ಇದೆ. ಸೈತಾನನಂಥ ಕಾಣದ ಜೀವಿಗಳ ಸ್ವತಂತ್ರ ಇಚ್ಛೆ ಇರಬಹುದು ಅಂದ. ತರ್ಕಕ್ಕೆ ಅಡ್ಡಿಯಿಲ್ಲ.

ಮೂರ್ತಿ: ಭೂಗರ್ಭಶಾಸ್ತ್ರದವರಿಗೆ ಅಡ್ಡಿ ಇರಬಹುದು.

ಸ್ಟ್ಯಾನಿ: ನಾನೇನೂ ಸೈತಾನನ ಹತ್ರ ಹೋಗಲ್ಲಪ್ಪ. ಪ್ರಕೃತಿಗೆ ಒಂದು ನಿಯಮ ಅಂತ ಇರ್ಬೇಕು ಅಂತೀನಿ. ಚಳಿ ಕಾಯಿಸೋ ಬೆಂಕಿನೇ ಕೈ ಸುಡುತ್ತೆ. ಒಳ್ಳೆಯವನು ಮುಟ್ಟಿದಾಗ ಮಾತ್ರ ತಣ್ಣಗಾಗೋ ಬೆಂಕಿ ಇದ್ರೆ ಯಾರೂ ಏನನ್ನೂ ಕಲಿಯೋಕಾಗಲ್ಲ. ನೋವೂ ಹಾಗೇ. ಕುಷ್ಠ ಬಂದವರ ಬೆರಳು ಹಾಳಾಗೋದು ಯಾಕೆ? ನರ ಸತ್ತು ನೋವು ಗೊತ್ತಾಗಲ್ಲ. ಸುಟ್ಟದ್ದು, ಕೊಯ್ದದ್ದು ತಿಳಿಯಲ್ಲ, ಗಾಯ ಕೀವಾಗುತ್ತೆ.

ಮೂರ್ತಿ: ಎಚ್ಚರಿಕೆಯ ಗಂಟೆ ಅಂತೀಯ. ಆದರೆ ಆ ಗಂಟೆ ಯಾವಾಗ ಬಡಿಯುತ್ತೆ ನೋಡು. ಎಷ್ಟೋ ಕ್ಯಾನ್ಸರ್ ಮೊದಮೊದಲು ಸದ್ದೇ ಮಾಡಲ್ಲ. ಚಿಕಿತ್ಸೆಗೆ ಕಾಲ ಮೀರಿದ ಮೇಲೆ ಹಗಲೂ ರಾತ್ರಿ ನೋವು. ಮನೆ ಸುಟ್ಟು ಬೂದಿಯಾದ ಮೇಲೆ ಹೊಡೆಯೋ ಗಂಟೆ, ಅದೂ ನಿಲ್ಲಿಸೋ ಗುಂಡಿ ಇಲ್ಲದ್ದು!

ಗೋಪಿ: ಕೆಡುಕು ಅನ್ನೋದೇ ಇಲ್ಲ, ಅದು ಒಳ್ಳೇದರ ಕೊರತೆ ಅಷ್ಟೇ ಅಂತ ಯಾರೋ ಅಂದಿದ್ರಲ್ಲ?

ಸ್ಟ್ಯಾನಿ: ಸಂತ ಅಗಸ್ಟಿನ್. ಕಾಲುಚೀಲದ ತೂತಿನ ಹಾಗೆ ಅಂತ ತಿಳ್ಕೊ. ತೂತನ್ನ ಯಾರೂ ನೇಯ್ದಿಲ್ಲ.

ಮೂರ್ತಿ: ಹಲ್ಲುನೋವಿನವನ ಮುಂದೆ 'ನಿನಗಿರೋದು ನೋವಲ್ಲ, ಸುಖದ ಗೈರುಹಾಜರಿ' ಅಂದು ನೋಡು. ನಿನ್ನ ಹಲ್ಲಿನ ಗೈರುಹಾಜರಿ ಆಗುತ್ತೆ.

(ಇಲ್ಲಿ ಸ್ಟ್ಯಾನಿಯೂ ನಕ್ಕ. ಆದರೆ ಅಗಸ್ಟಿನ್ ಹೊರಟಿದ್ದು ಹಲ್ಲುನೋವಿಗೆ ಮದ್ದು ಕೊಡೋಕಲ್ಲ. ಕೆಡುಕನ್ನೂ ದೇವರೇ ಸೃಷ್ಟಿಸಿದನಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋಕೆ. ಬೇರೆ ಬೀಗದ ಕೀಲಿ ಹಾಕಿ ಬಾಗಿಲು ತೆಗೀಲಿಲ್ಲ ಅನ್ನೋದು ಈ ವಾದದಲ್ಲಿ ಎರಡೂ ಕಡೆಯವರ ಹಳೇ ಕಾಯಿಲೆ.)

ಸುಮಕ್ಕ: ಮೂರ್ತಿ, ನಿನ್ನ ಕಡೆ ಇರೋ ಗಟ್ಟಿ ಅಸ್ತ್ರ ಆ ಮೂರು ಸಾಲಲ್ಲ. 1979ರಲ್ಲಿ ತತ್ವಜ್ಞಾನಿ ವಿಲಿಯಂ ರೋ ಹೇಳಿದ ಜಿಂಕೆ ಮರಿ. ದೂರದ ಕಾಡು. ಒಣಮರಕ್ಕೆ ಸಿಡಿಲು ಬಡಿದು ಕಾಡ್ಗಿಚ್ಚು ಏಳುತ್ತೆ. ಮರಿ ಬೆಂಕಿಗೆ ಸಿಕ್ಕಿ ಮೈಯೆಲ್ಲ ಸುಟ್ಟು, ಎಷ್ಟೋ ದಿನ ನರಳಿ ಸಾಯುತ್ತೆ. ನೋಡಿದವರಿಲ್ಲ, ಪಾಠ ಕಲಿತವರಿಲ್ಲ, ಯಾರ ಪಾಪವೂ ಇಲ್ಲ. ರೋ 'ದೇವರಿರೋಕೆ ಸಾಧ್ಯವೇ ಇಲ್ಲ' ಅನ್ನಲ್ಲ, 'ಇರೋ ಸಂಭವ ಕಮ್ಮಿ' ಅಂತಾನೆ. ಪ್ಲಾಂಟಿಂಗನ 'ಇರಬಹುದು' ಇಲ್ಲಿ ಸಾಲಲ್ಲ.

ಸ್ಟ್ಯಾನಿ: ನಮಗೆ ಕಾರಣ ಕಾಣ್ತಿಲ್ಲ ಅಂದ ಮಾತ್ರಕ್ಕೆ ಕಾರಣ ಇಲ್ವಾ? ಕೋಣೆಗೆ ಇಣುಕಿ ಆನೆ ಕಾಣಲಿಲ್ಲ ಅಂದ್ರೆ ಆನೆ ಇಲ್ಲ, ನಿಜ. ಕ್ರಿಮಿ ಕಾಣಲಿಲ್ಲ ಅಂತ ಆಪರೇಷನ್ ಶುರು ಮಾಡ್ತೀಯಾ? ದೇವರ ಕಾರಣ ಆನೆಯಷ್ಟು ದೊಡ್ಡದಾಗೇ ಕಾಣಬೇಕು ಅಂತ ಯಾರು ಹೇಳಿದ್ದು?

ಸುಮಕ್ಕ: ಇದು ನಿನ್ನ ಕಡೆಯ ಒಳ್ಳೇ ಉತ್ತರ. ಬೆಲೆ ಮಾತ್ರ ದುಬಾರಿ. ಸುಡ್ತಿರೋ ಮರಿ ಎದುರಿಗೇ ಇದ್ದು, ಕೈಲಿ ನೀರಿದೆ. ಹಾಕ್ತೀಯಾ? ಒಳಗೆ ಏನೋ ದೊಡ್ಡ ಕಾರಣ ಇರಬಹುದಲ್ಲ, ನೀನು ನೀರು ಹಾಕಿ ಕೆಡಿಸಿಬಿಟ್ರೆ?

ಸ್ಟ್ಯಾನಿ: ಹಾಕ್ತೀನಿ. ನನಗೆ ಬಂದಿರೋದು ಆಜ್ಞೆ, ಲೆಕ್ಕಪತ್ರ ಅಲ್ಲ.

ಗೋಪಿ: ಆಹಾ! ಇದನ್ನ ಬರ್ಕೊಳ್ಳಿ ಯಾರಾದ್ರೂ.

ಸ್ಟ್ಯಾನಿ: ಈಗ ನನ್ನ ಸರದಿ. ಮೂರ್ತಿ, ಕೆಡುಕು ಕೆಡುಕು ಅಂತೀಯಲ್ಲ, ಅದನ್ನ ತೂಗೋಕೆ ತಕ್ಕಡಿ ಎಲ್ಲಿಂದ ತಂದೆ? ದೇವರಿಲ್ಲದ ಲೋಕದಲ್ಲಿ ಜಿಂಕೆ ಸುಟ್ಟಿದ್ದೂ ಒಂದೇ, ಒಣಮರ ಸುಟ್ಟಿದ್ದೂ ಒಂದೇ.

ಮೂರ್ತಿ: ತಕ್ಕಡಿ ನಿಂದೇ! ನಿನ್ನ ತಕ್ಕಡಿ, ನಿನ್ನ ಬಟ್ಟು. ಅದರಲ್ಲೇ ತೂಗಿ ನಿನ್ನ ಲೆಕ್ಕ ಕಮ್ಮಿ ಬರ್ತಿದೆ ಅಂತ ತೋರಿಸ್ತಿದ್ದೀನಿ. ಅದಕ್ಕೆ ನನ್ನ ಅಂಗಡಿ ಯಾಕೆ?

ಸುಮಕ್ಕ: ವಾದ ಮುಗಿಯೋವರೆಗೆ ಸಾಲದ ತಕ್ಕಡಿ ನಡೆಯುತ್ತೆ. ನಾಳೆ ನೀನೇ ಒಬ್ಬನನ್ನ 'ಅನ್ಯಾಯ ಮಾಡಿದೆ' ಅನ್ನಬೇಕಾದಾಗ ಸ್ವಂತದ್ದೇ ಬೇಕು. ವಿಕಾಸದಿಂದ ಕರುಣೆ ಬಂತು ಅನ್ನೋದು ನಮಗೆ ಹೀಗೆ ಯಾಕೆ ಅನ್ನಿಸುತ್ತೆ ಅಂತ ಹೇಳುತ್ತೆ. ಹೀಗೇ ಯಾಕೆ ನಡೀಬೇಕು ಅಂತ ಹೇಳಲ್ಲ. 'ಹೀಗಿದೆ' ಅನ್ನೋದರಿಂದ 'ಹೀಗಿರಬೇಕು' ಅನ್ನೋದಕ್ಕೆ ಜಿಗಿಯೋರ ಕಾಲನ್ನ ತತ್ವಜ್ಞಾನಿ ಹ್ಯೂಮ್ ಹಿಡಿದು ಎಳೆದಿದ್ದು ಅಲ್ಲೇ.

ಮೂರ್ತಿ: ಆ ಜಿಗಿತ ಸ್ಟ್ಯಾನಿಗೂ ತಪ್ಪಿದ್ದಲ್ಲ. ದೇವರು ಹೇಳಿದ್ದಕ್ಕೆ ಒಳ್ಳೇದಾಯ್ತಾ, ಒಳ್ಳೇದು ಅಂತ ದೇವರು ಹೇಳಿದನಾ? ಪ್ಲೇಟೋ ಕಾಲದ ಪ್ರಶ್ನೆ. ಮೊದಲನೇದಾದ್ರೆ ನಾಳೆ ಕದಿ ಅಂದ್ರೆ ಕಳ್ಳತನ ಪುಣ್ಯ. ಎರಡನೇದಾದ್ರೆ ದೇವರೂ ನಮ್ಮ ಹಾಗೆ ತಕ್ಕಡಿ ನೋಡೋನು.

ಸ್ಟ್ಯಾನಿ: ಎರಡೂ ಅಲ್ಲ, ದೇವರ ಸ್ವಭಾವವೇ ಒಳ್ಳೇತನ.

ಗೋಪಿ: ಆ ಸ್ವಭಾವ ಒಳ್ಳೇದು ಅಂತ ಯಾವ ತಕ್ಕಡಿಲಿ ತೂಗಿದ್ರಿ?

(ಗೋಪಿಗೆ ಇಷ್ಟು ಒಳ್ಳೆ ಪ್ರಶ್ನೆ ಹೇಗೆ ಹೊಳೆಯಿತೆಂದು ಗೋಪಿಗೂ ಗೊತ್ತಾಗಲಿಲ್ಲ.)

ಸ್ಟ್ಯಾನಿ: ಎಲ್ಲೋ ಒಂದು ಕಡೆ ಅಳತೆಗೋಲು ನಿಲ್ಲಲೇಬೇಕಲ್ಲಪ್ಪ. ನನ್ನದು ದೇವರ ಹತ್ರ ನಿಲ್ಲುತ್ತೆ, ಮೂರ್ತಿದು 'ನೋವು ಕೆಟ್ಟದ್ದು' ಅನ್ನೋ ಹತ್ರ. ಆದರೆ ಒಂದು ಮಾತು. ನಾಸ್ತಿಕರಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ ಅಂತ ನಮ್ಮೋರು ಯಾರಾದ್ರೂ ಅಂದ್ರೆ ಬೈಬಲ್ಲಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಓದಿಲ್ಲ ಅಂತ ಅರ್ಥ. ಧರ್ಮಶಾಸ್ತ್ರ ಇಲ್ಲದವರ ಹೃದಯದಲ್ಲೂ ಅದು ಬರೆದಿದೆ ಅಂತಾನೆ.

ಮೂರ್ತಿ: ಸರ್ಟಿಫಿಕೇಟ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಆದರೆ ಕಷ್ಟ ಬಂದವನಿಗೆ 'ಏನೋ ಪಾಪ ಮಾಡಿರ್ಬೇಕು' ಅನ್ನೋದೂ ನಿಮ್ಮೋರೇ.

ಸ್ಟ್ಯಾನಿ: ಅದೂ ಓದದವರ ಮಾತು. ಯೆರೂಸಲೇಮಿನ ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರು. ಅವರೇನು ಉಳಿದವರಿಗಿಂತ ದೊಡ್ಡ ಅಪರಾಧಿಗಳಾ ಅಂತ ಕೇಳಿ ಯೇಸುಸ್ವಾಮಿಯೇ 'ಅಲ್ಲ' ಅಂದಿದ್ದಾರೆ. ಲೂಕನ ಸುವಾರ್ತೆ, 13ನೇ ಅಧ್ಯಾಯ.

ಮೂರ್ತಿ: ಅದೇ ವಚನದ ಬೆನ್ನಿಗೇ 'ಪಶ್ಚಾತ್ತಾಪ ಪಡದಿದ್ರೆ ನೀವೂ ಹಾಗೇ' ಅಂತ ಇದೆ.

ಗೋಪಿ: ಮುಂದಿನ ಸಾಲು ನಾಸ್ತಿಕರಿಗೆ ಹೇಗೋ ಬಾಯಿಪಾಠ ಇರುತ್ತಪ್ಪ!

ಸುಮಕ್ಕ: ಈ ಪಾಪದ ಲೆಕ್ಕ ಹಾಕಿ ಉಗಿಸ್ಕೊಂಡವರು, ತಪ್ಪಿಲ್ಲದೆ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳ್ಕೊಂಡ ಬೈಬಲ್ಲಿನ ಯೋಬನ ಸ್ನೇಹಿತರು. ಎಲೀಫಜ, ಬಿಲ್ದದ, ಚೋಫರ. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಪಕ್ಕ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಕೂತರು. ಆಮೇಲೆ ಬಾಯಿ ಬಿಟ್ಟರು, ಅಲ್ಲಿಗೆ ಕೆಟ್ಟಿತು. ಅಧ್ಯಾಯಗಟ್ಟಲೆ ಭಾಷಣ. ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರು ಬಯ್ಯೋದು ಜಗಳ ಆಡಿದ ಯೋಬನಿಗಲ್ಲ, ದೇವರ ಪರ ವಕೀಲಿಕೆ ಮಾಡಿದ ಈ ಮೂವರಿಗೆ.

ಮೂರ್ತಿ: ದೇವರೂ ಕಾರಣ ಹೇಳಲಿಲ್ಲವಲ್ಲ ಸುಮಕ್ಕ! 38ನೇ ಅಧ್ಯಾಯದಿಂದ ಬರೀ ಪ್ರಶ್ನೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯೋ ಕಾಲ ಗೊತ್ತಾ... ಕೊನೆಗೆ ಪರಿಹಾರ ಬೇರೆ. ಏಳು ಸಾವಿರ ಕುರಿ ಹೋಗಿದ್ದವು, ಹದಿನಾಲ್ಕು ಸಾವಿರ ಬಂದವು. ಮೂರು ಸಾವಿರ ಒಂಟೆ ಆರು ಸಾವಿರ. ಮಕ್ಕಳು? ಸತ್ತಿದ್ದು ಏಳು ಗಂಡು ಮೂರು ಹೆಣ್ಣು. ಮತ್ತೆ ಹುಟ್ಟಿದ್ದೂ ಏಳು ಗಂಡು ಮೂರು ಹೆಣ್ಣು.

ಸ್ಟ್ಯಾನಿ: ಅದರಲ್ಲೇ ಉತ್ತರ ಇದೆ ಅಂತಾರೆ ನಮ್ಮ ಹಳೇ ಬೋಧಕರು. ಒಂಟೆ ಸತ್ತರೆ ಹೋಯಿತು, ಅದಕ್ಕೇ ಎರಡರಷ್ಟು. ಮೊದಲ ಹತ್ತು ಮಕ್ಕಳು ದೇವರ ಹತ್ರ ಇದ್ದಾರೆ, ಆ ಹತ್ತಕ್ಕೆ ಈ ಹತ್ತು ಸೇರಿದ್ರೆ ಇಪ್ಪತ್ತು. ಡಬಲ್ಲೇ.

(ಯಾರೂ ಮಾತಾಡಲಿಲ್ಲ. ಮೂರ್ತಿ ಬಾಯಿ ತೆರೆದು ಮತ್ತೆ ಮುಚ್ಚಿದ.)

ಸುಮಕ್ಕ: ಸಾಕು. ಏಳು ದಿನ ಬೇಡ, ಏಳು ನಿಮಿಷ ಎಲ್ಲರೂ ಸುಮ್ಮನಿರೋಣ.

ಒಂದು ನಿಮಿಷ ಕಳೆಯಿತು. ಎರಡನೆಯದೂ ಹೇಗೋ ಕಳೆಯಿತು.

ಗೋಪಿ: ಅಲ್ಲ, ಆ ಮಕ್ಕಳ ತಾಯಿಗೂ ಈ ಲೆಕ್ಕ ಹೇಳಿದ್ರಾ?