ಸಹಾಯ ಬೇಕು: ಸೂಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿದರೆ ಮಾತ್ರ ಸ್ಕ್ಯಾನರ್ ಸಿಗುತ್ತಿದೆ

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಮಿಂಟ್ 21 ಇರುವ ಲ್ಯಾಪ್‌ಟಾಪ್‌ಗೆ ಹಳೆಯ ಯುಎಸ್‌ಬಿ ಫ್ಲಾಟ್‌ಬೆಡ್ ಸ್ಕ್ಯಾನರ್ ಜೋಡಿಸಿದ್ದೇನೆ. ತಾತನ ಕಾಲದ ಜಮೀನಿನ ಪತ್ರಗಳು ಮಡಿಕೆಯಲ್ಲೇ ಹರಿಯುತ್ತಿವೆ. ಮಳೆಗಾಲಕ್ಕೆ ಮುಂಚೆ ಸ್ಕ್ಯಾನ್ ಮಾಡಿ ಇಡಬೇಕು.

ಎಲ್‌ಎಸ್‌ಯುಎಸ್‌ಬಿ (ಜೋಡಿಸಿದ ಯುಎಸ್‌ಬಿ ಸಾಧನಗಳನ್ನು ತೋರಿಸುವ ಕಮಾಂಡ್) ಕೊಟ್ಟರೆ ಸ್ಕ್ಯಾನರ್ ಕಾಣಿಸುತ್ತದೆ, ಹಾಗಾಗಿ ಕೇಬಲ್ ಸರಿ ಇದೆ. ಸ್ಕ್ಯಾನರ್ ನಡೆಸುವ ಸಾಫ್ಟ್‌ವೇರ್ ಸೇನ್ ಕೂಡ ಹಾಕಿದ್ದೇನೆ. ಆದರೆ 'ಸ್ಕ್ಯಾನ್‌ಇಮೇಜ್ -ಎಲ್' ಕೊಟ್ಟರೆ ಯಾವ ಸ್ಕ್ಯಾನರೂ ಇಲ್ಲ ಅನ್ನುತ್ತದೆ. ಅದನ್ನೇ ಸೂಡೊ ಹಾಕಿ ಕೊಟ್ಟರೆ ಜೆನಿಸಿಸ್ ಬ್ಯಾಕೆಂಡ್ (ಸೇನ್‌ನ ಒಂದು ಡ್ರೈವರ್) ಹೆಸರಿನ ಜೊತೆ ತಕ್ಷಣ ಬರುತ್ತದೆ! ಹಾಗೇ 300 ಡಿಪಿಐನಲ್ಲಿ ಒಂದು ಪುಟ ತೆಗೆದೆ, ಮಾಸಿದ ಶಾಯಿಯೂ ಚೆನ್ನಾಗಿ ಬಂದಿದೆ. ಅಂದರೆ ಇದು ಡ್ರೈವರ್ ತೊಂದರೆ ಅಲ್ಲ, ಪರ್ಮಿಷನ್ ತೊಂದರೆ, ಅಲ್ವಾ?

ನನ್ನ ಯೂಸರ್ ಹೆಸರನ್ನು 'ಸ್ಕ್ಯಾನರ್' ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬಂದೆ. ಏನೂ ಬದಲಾಗಲಿಲ್ಲ. ಸ್ಕ್ಯಾನರ್‌ನ ಡಿವೈಸ್ ಫೈಲ್ ನೋಡಿದರೆ ಮಾಲೀಕನೂ ರೂಟ್ (ಅಡ್ಮಿನ್), ಗುಂಪೂ ರೂಟ್. ಸೇನ್ ಜೊತೆ ಬರುವ ಯುಡೆವ್ (ಸಾಧನ ಜೋಡಿಸಿದಾಗ ಅದರ ಪರ್ಮಿಷನ್ ಹೊಂದಿಸುವ ವ್ಯವಸ್ಥೆ) ಪಟ್ಟಿಯಲ್ಲಿ ಈ ಮಾಡೆಲ್ ಇಲ್ಲ ಅಂತ ಕಾಣುತ್ತದೆ.

ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಎರಡೂ ಬರೆದಿಟ್ಟುಕೊಂಡಿದ್ದೇನೆ. ನಾನೇ ಒಂದು ಯುಡೆವ್ ರೂಲ್ ಬರೆದು, ಗುಂಪು 'ಸ್ಕ್ಯಾನರ್', ಮೋಡ್ 0664 (ಗುಂಪಿನವರೂ ಓದಿ ಬರೆಯುವ ಪರ್ಮಿಷನ್) ಅಂತ ಕೊಟ್ಟರೆ ಸಾಕಾ? ಅಥವಾ ಇದು ಸ್ಕ್ಯಾನರ್ ಅಂತ ಗುರುತು ಹಾಕುವ ಲಿಬ್‌ಸೇನ್-ಮ್ಯಾಚ್ಡ್ ಅನ್ನುವ ಸಾಲೂ ಬೇಕಾ? ಫೈಲ್ ಹೆಸರಿನ ಮುಂದೆ ಬರುವ ನಂಬರ್ ಎಷ್ಟು ಕೊಡಬೇಕು?

ಸುಮ್ನೆ ಸೂಡೊದಲ್ಲೇ ನಡೆಸಿ ಅನ್ನಬೇಡಿ ದಯವಿಟ್ಟು. ಇದನ್ನು ಅಪ್ಪನೂ ಬಳಸುತ್ತಾರೆ, ಅವರಿಗೆ ಟರ್ಮಿನಲ್ ಬೇಡ. ಸಿಂಪಲ್ ಸ್ಕ್ಯಾನ್ ತೆರೆದು ಬಟನ್ ಒತ್ತಿದರೆ ಆಗಬೇಕು. ಯಾರಾದರೂ ಇಂಥ ರೂಲ್ ಬರೆದಿದ್ದರೆ ಅದನ್ನು ಹಾಗೇ ಇಲ್ಲಿ ಹಾಕಿ, ಐಡಿ ನಾನು ಬದಲಾಯಿಸಿಕೊಳ್ಳುತ್ತೇನೆ.