ಅಪ್‌ಡೇಟ್: ಮನೆಯಿಂದ ಕೆಲಸ ಮಾಡುವವರ ಖರ್ಚು ಮತ್ತು ಆದಾಯ ತೆರಿಗೆ
ಕಲಬುರಗಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುವ ನಾನು, ಇಂಟರ್ನೆಟ್, ವಿದ್ಯುತ್ ಹಾಗೂ ಮೇಜು-ಕುರ್ಚಿಯ ಖರ್ಚನ್ನು 2024-25ನೇ ಸಾಲಿನ ಸಂಬಳದಿಂದ ಕಳೆಯಬಹುದೇ ಎಂದು ಕೇಳಿದ್ದೆ. ಸೂಪರ್ ಮಾರ್ಕೆಟ್ ಬಳಿಯ ಲೆಕ್ಕಪರಿಶೋಧಕರು ತಿಳಿಸಿದಂತೆ, ಸಂಬಳದಾರರಿಗೆ ಅಂಥ ಪ್ರತ್ಯೇಕ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000 ರೂಪಾಯಿಗಳ ಸ್ಟ್ಯಾಂಡರ್ಡ್ ಡಿಡಕ್ಷನ್ (ಬಿಲ್ ತೋರಿಸದೆಯೇ ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಅಷ್ಟೇ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹಗಲಿಡೀ ಕೂಲರ್ ಓಡಿಸಿ ಕಟ್ಟುವ ಜೆಸ್ಕಾಂ ವಿದ್ಯುತ್ ಬಿಲ್ಲಿಗೂ ವಿನಾಯಿತಿ ಇಲ್ಲದಿರುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆದರೆ ಕಚೇರಿ ಕೆಲಸಕ್ಕೆ ಬಳಸಿದ ಇಂಟರ್ನೆಟ್ ಮತ್ತು ಫೋನ್ ವೆಚ್ಚವನ್ನು ಕಂಪನಿಯೇ ಬಿಲ್ ಪಡೆದು ಮರುಪಾವತಿಸಿದರೆ ಆ ಮೊತ್ತಕ್ಕೆ ತೆರಿಗೆ ಬೀಳುವುದಿಲ್ಲ. ಬಿಲ್ ಕೇಳದೆ ತಿಂಗಳಿಗಿಷ್ಟೆಂದು ಕೊಡುವ ಭತ್ಯೆಗೆ ಬೀಳುತ್ತದೆ. ನಮ್ಮ ಕಂಪನಿ ಮರುಪಾವತಿಗೆ ಒಪ್ಪಿದೆ. ಬಿಲ್ ನೌಕರನ ಹೆಸರಿನಲ್ಲೇ ಇರಬೇಕೆಂದು ಕೇಳಿರುವುದರಿಂದ, ಅಪ್ಪಾಜಿಯವರ ಹೆಸರಿನಲ್ಲಿರುವ ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ನನ್ನ ಹೆಸರಿಗೆ ಬದಲಿಸಲು ಅರ್ಜಿ ಸಲ್ಲಿಸಿದ್ದೇನೆ.